ಮಂಗಳ ಇಲ್ಲದ ಭಜನೆ

ಅಟ್ಟೂರಿನ ನಾಗಭೂಷಣನ ಮನೆಯಲ್ಲಿ, ಮೆಟ್ಟಿಲ ಕೆಳಗೆ, ದೇವರ ಕೋಣೆಯ ಗೋಡೆಗೆ ಅಂಟಿಕೊಂಡಂತೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಒಳಗೆ ಎರಡು ಹಾರ್ಡ್ ಡಿಸ್ಕು, ಹಿಂದೆ ವೈಫೈ ಡಬ್ಬಿಗೆ ಹೋಗುವ ಒಂದು ವೈರು, ಮುಂದೆ ಮಿಣುಕುವ ಹಸಿರು ದೀಪ. ಅಂಗಡಿಯವರು ಅದನ್ನು ನಾಸ್ ಎನ್ನುತ್ತಾರೆ. ಮನೆಯವರು ಭಜನೆ ಪೆಟ್ಟಿಗೆ ಎನ್ನುತ್ತಿದ್ದರು. ಹಾಡುಗಳೆಲ್ಲ ನಮ್ಮ ಮನೆಯಲ್ಲೇ ಇರುತ್ತವೆ, ನಾವು ಖಾತೆ ಮಾಡಿಕೊಟ್ಟವರು ಎಲ್ಲಿ ಕೂತಿದ್ದರೂ ಮೊಬೈಲಿನಲ್ಲಿ ಕೇಳಬಹುದು, ಯಾವ ಕಂಪನಿಯ ಹಂಗೂ ಇಲ್ಲ ಎಂದು ನಾಗಭೂಷಣ ಬಂದವರಿಗೆಲ್ಲ ವಿವರಿಸುತ್ತಿದ್ದ. ಬಂದವರು ಓಹೋ ಎಂದು ತಲೆಯಾಡಿಸಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೋಗುತ್ತಿದ್ದರು.

ನಾಗಭೂಷಣ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಅಪ್ಪನ ಕಾಲದ ರಾಗಿ ಹೊಲದ ಮೇಲೆ ಈಗ ಅವನ ಮೂರು ಮಹಡಿ ಮನೆ ನಿಂತಿದೆ, ಮೇಲಿನವೆಲ್ಲ ಬಾಡಿಗೆಗೆ. ವೈರು, ಸ್ವಿಚ್ಚು ಕಂಡರೆ ಕೈ ತುರಿಸುವ ಮನುಷ್ಯ, ನಿಜ. ಆದರೆ ಪೆಟ್ಟಿಗೆ ತಂದದ್ದು ಆ ತುರಿಕೆಗಲ್ಲ, ಅಣ್ಣನ ದನಿಯನ್ನು ಉಳಿಸಿಕೊಳ್ಳುವುದಕ್ಕೆ.

ಅಣ್ಣ ಲಕ್ಕಣ್ಣ ಅಟ್ಟೂರಿನ ಭಜನೆ ಮೇಳದ ಯಜಮಾನ. ಹಾರ್ಮೋನಿಯಂ ಮುಂದೆ ಕೂತು ಅವನು ಸೊಲ್ಲು ಎತ್ತಿದರೆ ತಾಳ ಹಿಡಿದ ನಾಗಭೂಷಣ, ಮೃದಂಗದ ಮುನಿಶಾಮಿ, ಮಿಕ್ಕವರು ಹಿಂದಿನಿಂದ ಹಿಡಿಯುವುದು. ಶನಿವಾರ ಆಂಜನೇಯನ ಗುಡಿಯಲ್ಲಿ ಹಾಡುವುದು ಮಾಮೂಲಿ. ಮೇಳದ ನಿಜವಾದ ಕೆಲಸ ಸಾವಿನ ಮನೆಯದು. ಯಾರ ಮನೆಯಲ್ಲಿ ಹೆಣ ಇದ್ದರೂ ಬೆಳಕು ಹರಿಯುವ ತನಕ ಅದರ ಮುಂದೆ ಕೂತು ಪದ ಹೇಳಬೇಕು. ಕರೆಯುವುದಕ್ಕೆ ಯಾರೂ ಬರಬೇಕಾಗಿಲ್ಲ, ಕಾಫಿ ಬೀಡಿ ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಮದುವೆಗೆ ಕರೆದರೆ ಹೋಗೋಣ, ಸಾವಿಗೆ ಕಿವಿಗೆ ಬಿದ್ದರೆ ಸಾಕು ಹೋಗೋಣ ಎನ್ನುವುದು ಲಕ್ಕಣ್ಣನ ಮಾತು. ದಾಯಾದಿ ಜಗಳದಲ್ಲಿ ಕುಡುಗೋಲು ಹಿಡಿದು ಬಂದವನ ಮನೆಗೂ ಅವನು ಹೋಗಿ ಬೆಳತನಕ ಹಾಡಿದ್ದುಂಟು.

ನಾಗಭೂಷಣ ಹಳೆಯ ಟೇಪ್ ರೆಕಾರ್ಡರನ್ನು ಹೋದಲ್ಲೆಲ್ಲ ಹೊತ್ತುಕೊಂಡು ಹೋಗಿ ಅಣ್ಣನ ಪದಗಳನ್ನು ತುಂಬಿಕೊಳ್ಳುತ್ತಿದ್ದ. ವರ್ಷಗಳು ಉರುಳಿ ಮೇಳದವರು ಒಬ್ಬೊಬ್ಬರೇ ಹೋದರು. ಮುನಿಶಾಮಿಗೆ ಲಕ್ವ ಹೊಡೆದು ಮೃದಂಗ ಅಟ್ಟ ಸೇರಿತು. ಗೋಣಿಚೀಲದಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಜು ಹಿಡಿಯುವ ಮುಂಚೆ ನಾಗಭೂಷಣ ಎಚ್ಚೆತ್ತ. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಗದಗಿನ ಕಡೆಯ ಶಿವಪ್ರಕಾಶ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅವನನ್ನು ಹಿಡಿದು ಕೂರಿಸಿ, ಒಂದೊಂದೇ ಕ್ಯಾಸೆಟ್ಟನ್ನು ಓಡಿಸಿ, ಪೆಟ್ಟಿಗೆಗೆ ಇಳಿಸಿದ. ನೆಂಟರಿಷ್ಟರಿಗೆಲ್ಲ ಒಂದೊಂದು ಖಾತೆ ಮಾಡಿಕೊಟ್ಟ. ಎಲ್ಲರೂ ಹೆಬ್ಬೆರಳ ಚಿತ್ರ ಕಳಿಸಿದರು, ಒಬ್ಬರೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಲಕ್ಕಣ್ಣನ ಹೆಸರಿನ ಖಾತೆಯನ್ನು ಅವನ ಮಗ ನಿರಂಜನನ ಕೈಗೆ ಕೊಟ್ಟು, ಅಪ್ಪನ ಫೋನಿಗೆ ಹಾಕಿಕೊಡು ಎಂದಿದ್ದ. ನಿರಂಜನ ಬ್ಯಾಟರಾಯನಪುರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಲಕ್ಕಣ್ಣ ಇದ್ದದ್ದು ಆ ಅಂಗಡಿಯ ಮೇಲಿನ ಮನೆಯಲ್ಲಿ, ಮಗ ಸೊಸೆಯ ಜೊತೆ.

ಅವ್ವ ಮುನಿಕೆಂಪಮ್ಮ ತೀರಿಕೊಂಡಾಗ ಲಕ್ಕಣ್ಣ ಊರಲ್ಲಿರಲಿಲ್ಲ. ತಿರುಪತಿಗೆ ಮುಡಿ ಕೊಡಲು ಹೋಗಿದ್ದವನು ಸುದ್ದಿ ತಿಳಿದು ಸಿಕ್ಕಿದ ಬಸ್ಸು ಹತ್ತಿದ್ದ. ಇತ್ತ ನಾಗಭೂಷಣನ ಅಂಗಳದಲ್ಲಿ ಜನ ಸೇರಿದ್ದಾರೆ, ಕತ್ತಲಾಗುತ್ತಿದೆ, ಪದ ಹೇಳುವವರಿಲ್ಲ. ಊರಿನ ಹೆಣಗಳಿಗೆಲ್ಲ ಹಾಡಿದವರ ಮನೆಯ ಹೆಣವೇ ಹಾಡಿಲ್ಲದೆ ಬಿದ್ದದೆಯಲ್ಲ ಎಂದು ಯಾರೋ ಮುದುಕಿ ಅಂದಳು. ನಾಗಭೂಷಣನಿಗೆ ಅದು ಚುರ್ ಎಂದಿತು. ನಿರಂಜನನ ಅಂಗಡಿಯಿಂದ ಸ್ಪೀಕರ್ ತರಿಸಿ ಪೆಟ್ಟಿಗೆಯಿಂದ ಅಣ್ಣನ ಪದಗಳನ್ನು ಹಾಕಿಸಿದ. ಬೇರೆ ಯಾರದೋ ಗಂಟಲಲ್ಲವಲ್ಲ, ಬರುವ ತನಕ ಅಣ್ಣನೇ ಹಾಡಿದ ಹಾಗಾಯಿತು ಎಂದುಕೊಂಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಕೆಟ್ಟ ಮನಸ್ಸಿನಿಂದ ಮಾಡಿದ್ದಕ್ಕಾದರೆ ತಪ್ಪಾಯಿತು ಎಂದು ಬೇಡಿಕೊಳ್ಳಬಹುದು, ಇದಕ್ಕೆ ಏನೆಂದು ಬೇಡುವುದು?

ಲಕ್ಕಣ್ಣ ಗೇಟಿಗೆ ಬಂದಾಗ ತಲೆ ಬೋಳು, ಹೆಗಲಲ್ಲಿ ಪ್ರಸಾದದ ಚೀಲ. ಅವ್ವನಿಗೆ ಯಾವ ಪದ ಮೊದಲು, ಯಾವುದು ಆಮೇಲೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದನಂತೆ. ಒಳಗಿನಿಂದ ತನ್ನದೇ ದನಿ, ಅದೂ ಪ್ರಾಯದ ಕಾಲದ ಗಟ್ಟಿ ದನಿ, ಕೇಳಿಸಿ ಅಲ್ಲೇ ನಿಂತುಬಿಟ್ಟ. ಆಮೇಲೆ ಒಳಗೆ ಬಂದು ಅವ್ವನ ಕಾಲು ಮುಟ್ಟಿ ಹಾರ್ಮೋನಿಯಂ ಕಡೆ ನೋಡಿದ. ಕೂತಿದ್ದವರು ಸ್ಪೀಕರಿನ ಹಾಡಿನಲ್ಲಿ ಮುಳುಗಿದ್ದರು.

"ಇರ್ಲಿ ಬುಡು ಲಕ್ಕಣ್ಣ, ದಣ್ದು ಬಂದಿದ್ದೀಯ. ಚೆಂದಾಗ್ ಬರ್ತಾ ಅದೆ, ಇದೇ ನಡೀಲಿ," ಎಂದರು.

ಲಕ್ಕಣ್ಣ ಗೋಡೆಗೊರಗಿ ಕೂತ. ಬೆಳಗಿನ ತನಕ ಬಾಯಿ ಬಿಡಲಿಲ್ಲ. ಹನ್ನೊಂದರ ಕಾರ್ಯ ಮುಗಿದ ಮೇಲೆ ತಮ್ಮನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ.

"ಅವ್ವನ್ ಮುಂದೆ ಪದ ನಾನ್ ಯೋಳ್ಬೇಕಾಗಿತ್ತು ಕಣ್ಲಾ. ನೀನು ಮಿಸನ್ ಕೈಲಿ ಯೋಳುಸ್ಬುಟ್ಟೆ."

ಅಲ್ಲಿಗೆ ಮಾತು ಮುಗಿಯಿತು. ಜಮೀನು ಹಂಚಿಕೆಯಲ್ಲೂ ಒಂದು ಒರಟು ಮಾತಾಡದಿದ್ದ ಅಣ್ಣತಮ್ಮಂದಿರು ಇವರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಇವರ ಮುಂದೆ ಹೇಳಲು ಜನ ಹಿಂಜರಿಯುತ್ತಿದ್ದರು. ಅಂಥವರು ಹಬ್ಬಕ್ಕಿಲ್ಲ, ಹುಣ್ಣಿಮೆಗಿಲ್ಲ ಎಂಬಂತಾದರು. ನಾಗಭೂಷಣ ಮೊದಮೊದಲು ಬ್ಯಾಟರಾಯನಪುರಕ್ಕೆ ಹೋಗಿ ಬಂದ. ಲಕ್ಕಣ್ಣ ಮಲಗಿದ್ದಾನೆ, ಹೊರಗೆ ಹೋಗಿದ್ದಾನೆ, ಮೈ ಸರಿಯಿಲ್ಲ ಎಂದು ಸೊಸೆ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಆಮೇಲೆ ಅವನೂ ಹೋಗುವುದನ್ನು ಬಿಟ್ಟ. ವರ್ಷಗಳು ಕಳೆದವು. ಅಣ್ಣ ಹೋಗುವುದರೊಳಗೆ, ಇಲ್ಲವೇ ತಾನು ಹೋಗುವುದರೊಳಗೆ, ಅವನ ಬಾಯಿಂದ ಒಂದು ಸಲ 'ನಾಗ' ಎಂದು ಕರೆಸಿಕೊಳ್ಳಬೇಕು ಎಂಬುದೊಂದೇ ಅವನಿಗೆ ಉಳಿದ ಆಸೆ.

ಒಂದು ಆಷಾಢದ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಅಭ್ಯಾಸಬಲದಿಂದ, ಯಾರು ಏನು ಕೇಳಿದ್ದಾರೆ ಎಂದು ತೋರಿಸುವ ಪುಟವನ್ನು ಮೊಬೈಲಿನಲ್ಲಿ ತೆರೆದ. ಆ ಪುಟ ಯಾವತ್ತೂ ಖಾಲಿ. ಅವತ್ತು ಲಕ್ಕಣ್ಣನ ಹೆಸರಿನ ಮುಂದೆ ಸಾಲು ಸಾಲು ಪದಗಳಿದ್ದವು. ರಾತ್ರಿಯಿಡೀ ಓಡಿವೆ. ನಾಗಭೂಷಣ ಲೋಟ ಕೆಳಗಿಟ್ಟು ಒಳಗೆ ಕೂಗಿದ.

"ರಾಧಾ, ಇಲ್ಲ್ ಬಾ. ಅಣ್ಣ ರಾತ್ರಿಯೆಲ್ಲ ಕೇಳವ್ನೆ ಕಣೆ."

ಹೆಂಡತಿ ರಾಧಾಮಣಿ ಒಲೆ ಸಣ್ಣ ಮಾಡಿ ಬಂದು ನೋಡಿದಳು. "ವಯಸ್ಸಾಯ್ತಲ್ಲ, ನಿದ್ದೆ ಬಂದಿರಲ್ಲ."

"ನಿದ್ದೆ ಬರ್ದೇ ಇದ್ದೋರು ಟಿವಿ ನೋಡ್ತಾರೆ. ಇವ್ನು ನನ್ ಪೆಟ್ಟಿಗೆ ತೆಗ್ದವ್ನೆ."

"ಹಂಗಾದ್ರೆ ಫೋನ್ ಮಾಡಿ ಕೇಳ್ರಿ ಮತ್ತೆ."

"ಬೇಡ ಬೇಡ. ಕೇಳುದ್ರೆ ನಾಚ್ಕೊಂಡು ನಿಲ್ಲಿಸ್ಬುಡ್ತಾನೆ. ಅವನ್ ಹಟ ನಿಂಗೊತ್ತಿಲ್ಲ."

ಆಕೆ ಹೇಳಿದ್ದನ್ನು ಅವತ್ತೇ ಕೇಳಿದ್ದರೆ ಏನಾಗುತ್ತಿತ್ತೋ. ಆದರೆ ಬರಗಾಲದಲ್ಲಿ ಮೋಡ ಕಂಡವನು ಅದು ಮಳೆ ಮೋಡವೇ ಎಂದು ವಿಚಾರಿಸಲು ಹೋಗುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಓಡಿತು. ಆಮೇಲೆ ವಾರ ಸುಮ್ಮನಿತ್ತು, ಮತ್ತೆ ಸತತ ಎರಡು ರಾತ್ರಿ ಓಡಿತು. ಅಣ್ಣನಿಗೆ ಕೆಲವು ರಾತ್ರಿ ಅವ್ವ ನೆನಪಾಗುತ್ತಾಳೆ, ಆಗ ಕೇಳುತ್ತಾನೆ ಎಂದು ನಾಗಭೂಷಣ ಲೆಕ್ಕ ಹಾಕಿಕೊಂಡ. ಅವನ ನಡಿಗೆಯೇ ಬೇರೆಯಾಯಿತು. ಹಾಲು ತರಲು ಹೋಗುವಾಗ ಶಿಳ್ಳೆ ಹಾಕುವಷ್ಟು ಬೇರೆಯಾಯಿತು.

ಇನ್ನು ಪೆಟ್ಟಿಗೆಯ ಸೇವೆ ನೋಡಬೇಕು. ಕರೆಂಟು ಹೋದರೆ ಅಣ್ಣನ ಪದ ನಡುವೆ ನಿಂತುಬಿಡುತ್ತದೆ ಎಂದು ಅದಕ್ಕೆಂದೇ ಒಂದು ಯುಪಿಎಸ್ ತಂದ. ಹಗಲೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಳೆಯ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ತೆಗೆದ. ಮುನಿಶಾಮಿಯ ಕೆಮ್ಮು ತೆಗೆದ. ಯಾರದೋ ಮನೆಯ ಮಗು ಅತ್ತದ್ದು, ನಾಯಿ ಬೊಗಳಿದ್ದು, ಹೆಂಗಸೊಬ್ಬಳು ಅಯ್ಯೋ ನನ್ನಪ್ಪ ಎಂದು ಎದೆ ಬಡಿದುಕೊಂಡದ್ದು, ಎಲ್ಲ ತೆಗೆದ. ಕೊನೆಗೆ ಅಣ್ಣನ ದನಿ, ಹಿಂದೆ ತನ್ನ ದನಿ, ತಾಳ, ಇಷ್ಟೇ ಉಳಿದು ಹಾಡು ತೊಳೆದಿಟ್ಟ ಹಿತ್ತಾಳೆ ಚೊಂಬಿನ ಹಾಗಾಯಿತು. ಹಾಗೆ ತಿಕ್ಕಿ ಇಟ್ಟ ಪದವನ್ನೇ ಮುಂದಿನ ಸಲ ಲಕ್ಕಣ್ಣನ ಖಾತೆ ಎರಡೆರಡು ಬಾರಿ ಕೇಳಿದಾಗ ನಾಗಭೂಷಣ ಮೆಟ್ಟಿಲ ಕೆಳಗೆ ಕೂತು ಕಣ್ಣೊರೆಸಿಕೊಂಡ. ಮಾತಿಲ್ಲದಿದ್ದರೇನು, ಅಣ್ಣತಮ್ಮಂದಿರು ಹೀಗೆ ಮಾತಾಡುತ್ತಿದ್ದೇವೆ ಎನಿಸಿತು.

ಒಂದು ದಿನ ಪೆಟ್ಟಿಗೆ ಕೀಚ್ ಕೀಚ್ ಎಂದು ಅರಚಿಕೊಂಡಿತು. ಶಿವಪ್ರಕಾಶನನ್ನು ಕೂಗಿ ಕರೆದ. ಅವನು ಬಗ್ಗಿ ನೋಡಿದ.

"ಒಂದು ಡಿಸ್ಕ್ ಹೊಂಟೈತ್ರಿ ಸರ. ಇನ್ನೊಂದರಾಗ ಎಲ್ಲಾ ಐತಿ, ಅಂಜಬ್ಯಾಡ್ರಿ. ಆದ್ರ ಲಗೂನ ಬದಲಿ ಮಾಡ್ಸ್ರಿ."

"ಇವತ್ತೇ ಮಾಡಣ. ರಾತ್ರಿ ಒಳಗೆ ಸರಿ ಹೋಗ್ಬೇಕು."

"ಇಷ್ಟ್ ಅವಸರ ಯಾಕ್ರಿ? ಯಾರ್ ಕೇಳ್ತಾರ ಇದನ್ನ?"

"ಒಬ್ಬ ಕೇಳ್ತಾನೆ ಕಣಪ್ಪ. ಒಬ್ಬ ಕೇಳುದ್ರೆ ಸಾಕು."

ಶಿವಪ್ರಕಾಶ ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದ. ಸಂಜೆಯೊಳಗೆ ಹೊಸ ಡಿಸ್ಕು ಬಂತು.

ಒಂದು ವಿಷಯ ಮಾತ್ರ ನಾಗಭೂಷಣನನ್ನು ಕೊರೆಯುತ್ತಿತ್ತು. ಅವನು ಪದಗಳನ್ನು ಗುಡಿಯ ಕ್ರಮದಲ್ಲೇ ಜೋಡಿಸಿಟ್ಟಿದ್ದ. ಮೊದಲು ಗಣಪತಿ, ನಡುವೆ ತತ್ವದ ಪದಗಳು, ಕೊನೆಗೆ ಮಂಗಳ. ಲಕ್ಕಣ್ಣನ ಖಾತೆ ಗಣಪತಿಯನ್ನು ಹಾರಿಸಿ ನೇರ ತತ್ವಕ್ಕೆ ಹೋಗುತ್ತಿತ್ತು, ಮಂಗಳ ಬರುವ ಮುಂಚೆಯೇ ಹಿಂದಕ್ಕೆ ತಿರುಗಿ ಮತ್ತೆ ತತ್ವದಿಂದಲೇ ಶುರುಮಾಡುತ್ತಿತ್ತು. ಒಂದು ಸಲವಾದರೂ ಮಂಗಳ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು.

"ಇದ್ರರ್ಥ ಏನ್ ಗೊತ್ತಾ?" ಎಂದು ರಾಧಾಮಣಿಗೆ ಹೇಳಿದ. "ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮಂಗಳ ಕೇಳುದ್ರೆ ಎಲ್ಲಾ ಮುಗೀತು ಅಂತ ಆಗೋಗತ್ತಲ್ಲ. ಅದಕ್ಕೇ ಬಿಡ್ತಾ ಇದ್ದಾನೆ. ಮಂಗಳ ಹಾಕ್ಕೊಂಡ್ ದಿನ ಹೋಗಿ ಕಾಲಿಗೆ ಬೀಳ್ತೀನಿ."

"ಅಷ್ಟ್ ದಿನ ಯಾಕ್ರೀ ಕಾಯ್ಬೇಕು?" ಎಂದಳು ರಾಧಾಮಣಿ. ಅವನು ಕೇಳಿಸಿಕೊಳ್ಳಲಿಲ್ಲ. ದಿನವೂ ಎದ್ದು ಮುಖ ತೊಳೆಯುವ ಮುಂಚೆ ಮೊಬೈಲು ತೆಗೆದು ಮಂಗಳ ಇದೆಯೇ ಎಂದು ಹುಡುಕುವುದು ಅವನಿಗೆ ಸಂಧ್ಯಾವಂದನೆಯಾಯಿತು.

ಮಾಘದಲ್ಲಿ, ಕಾರ್ಖಾನೆಯಲ್ಲಿ ಜೊತೆಗಿದ್ದ ಮನೋಹರ್ ಎಂಬಾತ ತೀರಿಕೊಂಡ ಸುದ್ದಿ ಬಂತು. ಮನೆ ಸಹಕಾರನಗರದಲ್ಲಿ. ದೂರದಿಂದ ಮಗಳು ಬರಬೇಕಾಗಿದ್ದರಿಂದ ಹೆಣವನ್ನು ಮರುದಿನದ ತನಕ ಇಟ್ಟುಕೊಳ್ಳುವವರಿದ್ದರು. ನಾಗಭೂಷಣ ಸಂಜೆ ಬಸ್ಸು ಹಿಡಿದು ಹೋದ. ಪಾರ್ಕಿನ ಮಗ್ಗುಲ ರಸ್ತೆಗೆ ತಿರುಗಿದರೆ ಶಾಮಿಯಾನ ಕಾಣಿಸಿತು, ಅದರ ಕೆಳಗೆ ಬಿಳಿ ಕವರು ಹಾಕಿದ ಕುರ್ಚಿಗಳು. ಚಪ್ಪಲಿ ಬಿಡುತ್ತಿದ್ದವನ ಕಿವಿಗೆ ಅಣ್ಣನ ದನಿ ಬಿತ್ತು.

ಮೊದಲ ಕ್ಷಣ ಅವನಿಗಾದದ್ದು ಸಂತೋಷವೇ. ಅಣ್ಣ ಬಂದಿದ್ದಾನೆ, ಮತ್ತೆ ಹಾಡುತ್ತಿದ್ದಾನೆ ಎಂದು ಎದೆ ಹಿಗ್ಗಿತು. ಚಪ್ಪಲಿಯ ಮೇಲೆ ಚಪ್ಪಲಿ ತುಳಿದುಕೊಂಡು ಒಳಗೆ ನುಗ್ಗಿದ. ನಡುಮನೆಯಲ್ಲಿ ಹೆಣ ಕೆಡದಂತೆ ಇಡುವ ಬಾಡಿಗೆಯ ಫ್ರೀಜರ್ ಬಾಕ್ಸು. ಗಾಜಿನ ಕೆಳಗೆ ಮೂಗಿಗೆ ಹತ್ತಿಯಿಟ್ಟ ಮನೋಹರ್. ಬಾಕ್ಸಿನ ತಲೆಯ ಕಡೆ ಒಂದು ಗುಂಡು ಸ್ಪೀಕರು, ಪಕ್ಕದಲ್ಲೊಂದು ಮೊಬೈಲು. ಬಾಕ್ಸಿನ ಮಗ್ಗುಲಿಗೆ ನಿರಂಜನನ ಅಂಗಡಿಯ ಹೆಸರು, ಫೋನ್ ನಂಬರು. ಸ್ಪೀಕರಿನೊಳಗೆ ಲಕ್ಕಣ್ಣ ಒಂದು ಸಾಲು ಎತ್ತಿದ, ಪ್ರಾಯದ ನಾಗಭೂಷಣ ಹಿಂದಿನಿಂದ ಹಿಡಿದ. ನಾಯಿ ಇಲ್ಲ, ಮಗು ಇಲ್ಲ, ಮುನಿಶಾಮಿಯ ಕೆಮ್ಮಿಲ್ಲ.

ಅವನು ತನ್ನ ಮೊಬೈಲು ತೆಗೆದು ಆ ಪುಟ ನೋಡಿದ. ಲಕ್ಕಣ್ಣ, ಈಗ ಕೇಳುತ್ತಿರುವುದು, ಅದೇ ಪದ.

ಮನೋಹರನ ಮಗ ಹತ್ತಿರ ಬಂದು ಕೈ ಹಿಡಿದುಕೊಂಡ. "ಬನ್ನಿ ಅಂಕಲ್, ಕೂತ್ಕೊಳ್ಳಿ. ಅಪ್ಪ ನಿಮ್ಮನ್ನ ತುಂಬಾ ನೆನಸ್ಕೊಳ್ತಾ ಇದ್ರು."

"ಈ ಭಜನೆ ಎಲ್ಲಿದಪ್ಪ?"

"ಬಾಕ್ಸ್ ಜೊತೇಲೇ ಕೊಡ್ತಾರೆ ಅಂಕಲ್. ಕ್ಲಾರಿಟಿ ಚೆನ್ನಾಗಿದೆ ಅಲ್ವಾ? ಆಷಾಢದಲ್ಲಿ ನಮ್ ಮಾವ ಹೋದಾಗ್ಲೂ ಇದನ್ನೇ ಹಾಕಿದ್ರು. ಆಗ ಸ್ವಲ್ಪ ನಾಯ್ಸ್ ಇತ್ತು, ಈಗ ಇಂಪ್ರೂವ್ ಮಾಡಿದಾರೆ."

ನಾಗಭೂಷಣ ಕುರ್ಚಿಯಲ್ಲಿ ಕೂತ. ಸಾವಿನ ಮನೆಯಲ್ಲಿ ಗಣಪತಿಯಿಂದ ಶುರುಮಾಡುವುದಿಲ್ಲ, ಕೊನೆಗೆ ಮಂಗಳ ಹಾಡುವುದಿಲ್ಲ. ಅದು ಅವರ ಮೇಳದ ಕಟ್ಟಳೆ, ತಾಳ ಹಿಡಿಯಲು ಬಂದ ಮೊದಲ ದಿನ ಯಾರಿಗಾದರೂ ಹೇಳಿಕೊಡುವ ಪಾಠ. ಅರ್ಧ ಆಯುಷ್ಯ ಹೆಣಗಳ ಮುಂದೆ ಕೂತ ಮನುಷ್ಯನಿಗೆ ಅದು ಹೊಳೆಯಲಿಲ್ಲ. ಹೊಳೆಯಲು ಅವನೇ ಬಿಟ್ಟಿರಲಿಲ್ಲ. ಅಣ್ಣನ ನಿದ್ದೆಯಿಲ್ಲದ ರಾತ್ರಿಗಳೆಂದು ಅವನು ಎಣಿಸಿದ್ದೆಲ್ಲ ಒಂದೊಂದು ಮನೆಯ ಸಾವು. ಶಿಳ್ಳೆ ಹಾಕಿಕೊಂಡು ಹಾಲು ತಂದ ಬೆಳಗುಗಳಲ್ಲಿ ಯಾರ ಯಾರ ಮನೆಯಿಂದ ಚಟ್ಟ ಎದ್ದಿತ್ತೋ ಏನೋ. ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು. ಮನೋಹರನಿಗೆ ಹೂವು ಹಾಕುವುದನ್ನೂ ಮರೆತು ಎದ್ದು ಬಂದ.

ಮರುದಿನ ಬೆಳಿಗ್ಗೆಯೇ ಬ್ಯಾಟರಾಯನಪುರಕ್ಕೆ ಹೋದ. ಅಂಗಡಿಯ ಮುಂದೆ ಆಟೋ ಟೆಂಪೋಗೆ ಕುರ್ಚಿ ಏರಿಸುತ್ತಿದ್ದ ನಿರಂಜನ ಚಿಕ್ಕಪ್ಪನನ್ನು ಕಂಡು ಕೈ ಒರೆಸಿಕೊಂಡು ಬಂದ. ಅಪ್ಪನಿಗೆಂದು ಕೊಟ್ಟ ಖಾತೆ ಹೆಣದ ಬಾಕ್ಸಿಗೆ ಹೇಗೆ ಹೋಯಿತು ಎಂದು ಕೇಳಿದರೆ ಅವನಿಗೆ ಕಸಿವಿಸಿಯೇನೂ ಆಗಲಿಲ್ಲ.

"ಜನ ಕೇಳ್ತಾರೆ ಚಿಕ್ಕಪ್ಪ. ಬಾಕ್ಸ್ ತಗೊಂಡೋರು, ಭಜನೆ ಮಾಡೋರು ಸಿಗ್ತಾರಾ ಅಂತಾರೆ. ಎಲ್ಲಿಂದ ತರ್ಲಿ? ರಾತ್ರಿಯೆಲ್ಲ ಕೂತ್ಕೊಂಡು ಹಾಡೋರು ಯಾರವ್ರೆ ಈಗ? ಅಜ್ಜಿ ಹೋದಾಗ ನೀವೇ ಅಲ್ವಾ ದಾರಿ ತೋರ್ಸಿದ್ದು."

ನಾಗಭೂಷಣ ಜೇಬಿನಿಂದ ಮೊಬೈಲು ತೆಗೆದ. "ನಾನು ಖಾತೆ ಮುಚ್ತೀನಿ," ಎಂದ.

"ಮುಚ್ಚಿ, ಬೇಜಾರಿಲ್ಲ. ನಮ್ ಹುಡುಗ್ರು ಆಗ್ಲೇ ಎಲ್ಲಾ ಡೌನ್‌ಲೋಡ್ ಮಾಡ್ಕೊಂಡವ್ರೆ. ಹೆಬ್ಬಾಳ, ಆರ್‌ಟಿ ನಗರದ ಬಾಕ್ಸ್‌ನೋರೂ ಇಸ್ಕೊಂಡವ್ರೆ. ಹಳೇದಕ್ಕಿಂತ ನೀವು ಕ್ಲೀನ್ ಮಾಡಿದ್ದು ಚೆನ್ನಾಗದೆ ಅಂತಾರೆ."

"ಅಣ್ಣಂಗೆ ಗೊತ್ತಾ?"

"ಗೊತ್ತು. ಮೇಲವ್ರೆ, ಹೋಗಿ."

ತಾರಸಿಯ ಮೇಲೆ ಉದ್ದುದ್ದ ಹಗ್ಗ ಕಟ್ಟಿ ಕುರ್ಚಿಯ ಬಿಳಿ ಕವರುಗಳನ್ನು ಒಣಹಾಕಿದ್ದರು. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲಕ್ಕಣ್ಣ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದ. ಇಳಿದುಹೋಗಿದ್ದ. ಹೆಜ್ಜೆ ಸದ್ದಿಗೆ ತಲೆಯೆತ್ತಿ, ನಿನ್ನೆ ತಾನೇ ನೋಡಿದವನ ಹಾಗೆ ಹೇಳಿದ.

"ಬಾರ್ಲಾ ನಾಗ. ಕೂತ್ಕೋ."

ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದನೋ ಆ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ನಾಗಭೂಷಣನಿಗೆ ದಿಗಿಲಾಯಿತು. ಬಗ್ಗಿ ಅಣ್ಣನ ಕಾಲು ಹಿಡಿದ.

"ತಪ್ಪಾಯ್ತು ಅಣ್ಣ. ಅವ್ವನ್ ದಿನ ಹಂಗ್ ಮಾಡ್ಬಾರ್ದಾಗಿತ್ತು."

"ಏಳ್ಲಾ. ಕ್ವಾಪ ಯಾವತ್ತೋ ಒಂಟೋಯ್ತು."

"ಮತ್ತ್ಯಾಕೆ ಬರ್ಲಿಲ್ಲ? ಒಂದ್ ಮಾತು ಕಳ್ಸಿದ್ರೆ ಸಾಕಾಗಿತ್ತಲ್ಲ."

"ಬಂದು ಏನ್ ಮಾಡ್ಲಿ? ನೀನೂ ನಾನೂ ಸೇರ್ಕಂಡ್ರೆ ಪದ ಯೋಳ್ತಿದ್ವಿ. ಇನ್ನೇನ್ ಮಾಡ್ತಿದ್ವಿ. ಅದೀಗ ನಮ್ಮಿಬ್ರುನ್ನೂ ಬುಟ್ಟು ಅದ್ರ ಪಾಡ್ಗೆ ಅದು ನಡೀತಾ ಅದೆ."

ಲಕ್ಕಣ್ಣ ನಿಧಾನವಾಗಿ ಹೇಳಿದ. ಅವ್ವ ಹೋದ ಮೇಲೆ ವರ್ಷಗಟ್ಟಲೆ ಹಟಕ್ಕೆ ಹಾಡದೆ ಇದ್ದನಂತೆ. ಆಮೇಲೆ, ಹೋದ ಮಳೆಗಾಲದಲ್ಲಿ, ತಡೆಯಲಾರದೆ, ಕೊಡಿಗೇಹಳ್ಳಿಯಲ್ಲಿ ಯಾರೋ ಹೋದರೆಂದು ಕಿವಿಗೆ ಬಿದ್ದಾಗ, ತಾಳವನ್ನು ಚೀಲಕ್ಕೆ ಹಾಕಿಕೊಂಡು ಒಬ್ಬನೇ ಹೋದನಂತೆ.

"ಒಳೀಕೋಗಿ ನೋಡ್ತೀನಿ, ನಾನಾಗ್ಲೇ ಅಲ್ಲಿವ್ನಿ. ಜೋರಾಗಿ ಯೋಳ್ತಾ ಇವ್ನಿ. ಕೂತ್ಕಂಡು ನಾನೂ ಬಾಯ್ ತೆಗ್ದೆ. ಒಬ್ಳು ಉಡ್ಗಿ ಬಂದು, ತಾತ, ಸ್ವಲ್ಪ ಸುಮ್ನಿರಿ, ಭಜನೆ ನಡೀತಾ ಅದೆ ಅಂದ್ಳು. ಅವಳ್ ತಪ್ಪಿಲ್ಲ. ಅದ್ರ ಮುಂದೆ ನನ್ ದನಿ ಕಾಗೆ ಕೂಗ್ದಂಗಿತ್ತು. ಎದ್ದು ಬಂದೆ. ಆಮ್ಯಾಕೆ ಎಲ್ಗೂ ಓಗಿಲ್ಲ."

ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾಗಭೂಷಣ ಅದಕ್ಕೆ ತಲೆ ಕೊಟ್ಟು ಹಗುರಾಗುತ್ತಿದ್ದ. ಅವನಿಗೆ ದುಃಖ ಉಕ್ಕಿ ಬಂತು. ಇವತ್ತೇ ಮನೆಗೆ ಹೋಗಿ ಪೆಟ್ಟಿಗೆಯನ್ನು ಒಡೆದು ಹಾಕುತ್ತೇನೆ ಎಂದ. ಲಕ್ಕಣ್ಣ ತಲೆಯಾಡಿಸಿದ. ಒಡೆದರೆ ನಿನ್ನ ಮನೆಯದು ಒಂದು ಹೋಗುತ್ತದೆ ಅಷ್ಟೇ ಎಂದ. ಕೆಳಗೆ ಟೆಂಪೋ ಹೊರಟ ಸದ್ದಾಯಿತು. ಎಲ್ಲೋ ಸಾವಾಗಿತ್ತು.

"ಈಗ ಒಂದ್ ಪದ ಯೋಳಣ್ಣ," ಎಂದ ನಾಗಭೂಷಣ. "ಯಾರೂ ಇಲ್ಲ. ನೀನು ಎತ್ತು, ನಾನು ಹಿಡೀತೀನಿ."

ಲಕ್ಕಣ್ಣ ಬೇಡವೆಂದ. ತಮ್ಮ ಬಿಡಲಿಲ್ಲ, ಮಕ್ಕಳ ಹಾಗೆ ಮೊಣಕಾಲು ಹಿಡಿದು ಅಲ್ಲಾಡಿಸಿದ. ಕೊನೆಗೆ ಮುದುಕ ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದ.

"ಬಾಡಿಗೆ ಮನೆಯಿದು ಬಿಡಬೇಕಣ್ಣ..."

ದನಿ ಒಡೆದಿತ್ತು, ಆದರೆ ದಾರಿ ತಪ್ಪಿರಲಿಲ್ಲ. ನಾಗಭೂಷಣ ಅದೇ ಸಾಲನ್ನು ಹಿಡಿದು ಹಿಂದಕ್ಕೆ ಕೊಟ್ಟ. ಇಬ್ಬರೂ ಇನ್ನೊಮ್ಮೆ ಹೇಳಿದರು. ಆಮೇಲೆ ಲಕ್ಕಣ್ಣನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಬೆರಳು ನಿಂತಿತು.

"ಮುಂದ್ಕೇನ್ಲಾ?"

ನಾಗಭೂಷಣ ತಡಕಾಡಿದ. ನೂರಾರು ರಾತ್ರಿ ಹಾಡಿದ ಪದ. ಆದರೆ ಅವನು ಯಾವತ್ತೂ ಮುಂದಿನ ಸಾಲನ್ನು ತಾನಾಗಿ ಎತ್ತಿದವನಲ್ಲ, ಅಣ್ಣ ಕೊಟ್ಟದ್ದನ್ನು ಹಿಡಿದವನು. ಕೊಡುವವನು ಮರೆತ ಮೇಲೆ ಹಿಡಿಯುವವನ ಬಳಿ ಏನಿರುತ್ತದೆ? ಪೆಟ್ಟಿಗೆಯಲ್ಲಿದೆ, ಮರೆತರೂ ಎಲ್ಲಿ ಹೋಗುತ್ತದೆ ಎಂದು ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದವನಿಗೆ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಲಕ್ಕಣ್ಣ ಮೊದಲ ಸಾಲನ್ನು ಮತ್ತೆ ಹೇಳಿ ನೋಡಿದ, ಅಲ್ಲೇ ನಿಂತ. ಮತ್ತೊಂದು ಪದ ಎತ್ತಲು ಹೋದ, ಅದರದ್ದು ಮೊದಲೂ ಸಿಗಲಿಲ್ಲ. ಅಣ್ಣನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾಗಭೂಷಣ ಯಾವತ್ತೂ ಕಂಡಿರಲಿಲ್ಲ.

"ಅದ್ರಾಗೆ ಆಕು," ಎಂದ ಲಕ್ಕಣ್ಣ ಕೊನೆಗೆ, ತಮ್ಮನ ಜೇಬಿನ ಕಡೆ ಗದ್ದ ತೋರಿಸಿ. "ಕೇಳನ."

ನಾಗಭೂಷಣ ಮೊಬೈಲು ತೆಗೆದು ಪದ ಹುಡುಕಿ ಒತ್ತಿದ. ಅಟ್ಟೂರಿನ ಮೆಟ್ಟಿಲ ಕೆಳಗಿನಿಂದ ಲಕ್ಕಣ್ಣನ ದನಿ ತುಂಬಿಕೊಂಡು ಬಂತು. ಬಾಡಿಗೆ ಮನೆಯಿದು ಬಿಡಬೇಕಣ್ಣ, ಬೀಗದ ಕೈ ಒಡೆಯಗೆ ಕೊಡಬೇಕಣ್ಣ. ಸಾಲು ಮುಗಿದು ತನ್ನ ಸರದಿ ಬಂದದ್ದೇ ನಾಗಭೂಷಣನ ಬಾಯಿ ತಾನಾಗಿ ತೆರೆಯಿತು. ಬೀಗದ ಕೈ ಎಂದು ದನಿ ಎತ್ತಿದ.

ಲಕ್ಕಣ್ಣ ಅಂಗೈ ಎತ್ತಿ ತಡೆದ.

"ನೀನ್ಯಾಕ್ಲಾ ಯೋಳ್ತೀಯ? ಅದ್ರಾಗೆ ನೀನೂ ಇದ್ದೀಯಲ್ಲ."

ನಾಗಭೂಷಣ ಬಾಯಿ ಮುಚ್ಚಿಕೊಂಡ. ಒಣಗುವ ಬಟ್ಟೆಗಳ ನಡುವೆ ಇಬ್ಬರೂ ಸುಮ್ಮನೆ ಕೂತು ಕೇಳಿದರು. ಪದ ಮುಗಿಯಿತು. ಯಾರೂ ಏನೂ ಒತ್ತದೆಯೇ ಮುಂದಿನ ಪದ ಶುರುವಾಯಿತು.